ಕರಿಕಲ್ಲಿನ ಎರಡು ನೆಲ: ಡೋಣಿಯ ಬಯಲು ಮತ್ತು ಮಾರಿಷಸ್ ದ್ವೀಪ



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ಮಾರಿಷಸ್ ದ್ವೀಪದ ಭೂಗೋಳ ಎಂದು ಅಚ್ಚಾಗಿದೆ. ವಿಜಯಪುರದ ಬಿಳಿಜೋಳದ ಸೀಮೆಯಲ್ಲಿ ಕುಳಿತು ಹಿಂದೂ ಮಹಾಸಾಗರದ ನಡುವಿನ ದ್ವೀಪವೊಂದರ ಮಾತು ಯಾಕೆ ಎಂದು ನೀವು ಕೇಳಬಹುದು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆ ದ್ವೀಪವನ್ನು ಕಡಲಿನಿಂದ ಮೇಲೆತ್ತಿದ ಬೆಂಕಿ, ನಮ್ಮ ಎರೆ ಹೊಲಗಳ ಕೆಳಗೆ ಕರಿಕಲ್ಲು ಹಾಸಿದ ಬೆಂಕಿ, ಎರಡೂ ಒಂದೇ. ಕಲ್ಲಿನ ಜಾತಿಯೂ ಒಂದೇ. ಆದರೂ ಅಲ್ಲಿನ ಮಣ್ಣು ಹೆಚ್ಚಿನ ಕಡೆ ಕೆಂಪು, ನಮ್ಮದು ಕಪ್ಪು. ಅಲ್ಲಿ ಕಬ್ಬು, ಇಲ್ಲಿ ಹಿಂಗಾರಿ ಜೋಳ. ಹೀಗೆ ಬೇರೆ ಮಾಡಿದ್ದು ನೀರು. ನಮ್ಮ ನೆಲಕ್ಕೆ ಎಷ್ಟು ನೀರು ಎಂಬುದನ್ನು ಇಷ್ಟು ದಿನ ಮುಗಿಲು ನಿರ್ಧರಿಸುತ್ತಿತ್ತು. ಈಗ ಕಾಲುವೆ ಬಂದು ಆ ನಿರ್ಧಾರ ನಮ್ಮ ಕೈಗೂ ಬಂದಿದೆ. ಅದಕ್ಕಾಗಿಯೇ ಈ ಎರಡು ನೆಲಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಇವತ್ತಿನ ಜರೂರಿ ಎಂದು ನನಗೆ ಅನಿಸಿದೆ.

ಮೊದಲು ಒಂದು ಬಾವಿಗೆ ಇಳಿಯೋಣ. ಇಂಡಿ, ಸಿಂದಗಿ ಕಡೆ ಹೊಸದಾಗಿ ತೋಡಿದ ಯಾವುದೇ ತೆರೆದ ಬಾವಿಯಾದರೂ ಸರಿ. ಎಲ್ಲಕ್ಕೂ ಮೇಲೆ ಎರೆ. ಡೋಣಿ, ಭೀಮಾ ನದಿಗಳ ದಂಡೆಯಲ್ಲಿ ಅದು ಆಳುದ್ದ ಇಳಿದಿರುತ್ತದೆ, ಮಡ್ಡಿಯ ಮೇಲೆ ಗೇಣುದ್ದವೂ ಇರುವುದಿಲ್ಲ. ಎರೆಯ ಬುಡಕ್ಕೆ ಹೋದಂತೆ ಬಿಳಿ ಸುಣ್ಣದ ಹರಳುಗಳು ಕಾಣತೊಡಗುತ್ತವೆ. ಅದರ ಕೆಳಗೆ ಗರಸು. ಗರಸಿನ ನಡುವೆ ಉರುಟು ಗುಂಡುಗಳು ಸಿಕ್ಕಿಕೊಂಡಿರುತ್ತವೆ. ಗುದ್ದಲಿ ತಾಗಿದರೆ ಆ ಗುಂಡು ಉಳ್ಳಾಗಡ್ಡಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಕೊನೆಗೆ ಒಳಗೆ ಗಟ್ಟಿ ಕರಿಕಲ್ಲಿನ ತಿರುಳು ಉಳಿಯುತ್ತದೆ. ಹೊರಗಿನ ಸಿಪ್ಪೆ ಬೆರಳಲ್ಲಿ ಹಿಚುಕಿದರೆ ಪುಡಿಯಾಗುತ್ತದೆ, ತಿರುಳು ಸುತ್ತಿಗೆಗೂ ಜಗ್ಗುವುದಿಲ್ಲ. ಬಂಡೆ ಮಣ್ಣಾಗುವ ಕೆಲಸವನ್ನು ನಡುವಿನಲ್ಲಿ ಹಿಡಿದು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನೂ ಕೆಳಗೆ ಹೋದರೆ ಒಡಕಿಲ್ಲದ ಗಟ್ಟಿ ಬಂಡೆ. ಅದನ್ನು ಸಿಡಿಸಿ ದಾಟಿದರೆ ಒಮ್ಮೊಮ್ಮೆ ಇಟ್ಟಂಗಿ ಬಣ್ಣದ ಕೆಂಪು ಜೇಡಿಯ ಪಟ್ಟಿಯೊಂದು ಅಡ್ಡ ಬರುತ್ತದೆ. ಅದರ ಕೆಳಗೆ ತೂತು ತೂತಿನ ಕಲ್ಲು. ಆ ತೂತುಗಳಲ್ಲಿ ಬಿಳಿ ಹರಳು, ಕೆಲವು ಸಲ ಹಸಿರು ಲೇಪ. ಅದೂ ಮುಗಿದರೆ ಮತ್ತೆ ಗಟ್ಟಿ ಬಂಡೆ. ಇದು ಒಂದರ ಮೇಲೊಂದು ಹರಿದು ಬಂದ ಲಾವಾ. ಕರಗಿದ ಕಲ್ಲಿನಲ್ಲಿದ್ದ ಅನಿಲದ ಗುಳ್ಳೆಗಳು ಮೇಲಕ್ಕೆ ಬಂದು ಅಲ್ಲೇ ಹೆಪ್ಪುಗಟ್ಟಿದ್ದರಿಂದ ಪ್ರತಿ ಹರಿವಿನ ನೆತ್ತಿ ತೂತಾಗಿದೆ, ನಡುಭಾಗ ಗಟ್ಟಿಯಾಗಿದೆ. ಆಮೇಲೆ ಸಾವಿರಾರು ವರ್ಷ ಆ ತೂತುಗಳಲ್ಲಿ ಜಿನುಗಿದ ನೀರು ಜಿಯೋಲೈಟ್, ಬೆಣಚು ಮುಂತಾದ ಹರಳುಗಳನ್ನು ಕಟ್ಟಿತು. ಕೆಂಪು ಪಟ್ಟಿ ಎಂದರೆ ಒಂದು ಹರಿವು ಮುಗಿದು ಮುಂದಿನದು ಬರುವವರೆಗಿನ ಬಿಡುವು. ಅಷ್ಟರಲ್ಲಿ ಬಂಡೆಯ ಮೈ ಕರಗಿ ಮಣ್ಣಾಗಿತ್ತು. ಹೊಸ ಲಾವಾ ಬಂದು ಆ ಮಣ್ಣನ್ನು ಮುಚ್ಚಿತು. ಅಂಥ ಬಿಡುವುಗಳಲ್ಲಿ ಕೆರೆಗಳೂ ಇದ್ದವು. ನಮ್ಮ ಪೂರ್ವಕ್ಕೆ ಗುರುಮಠಕಲ್ ಹತ್ತಿರ ಲಾವಾ ಪದರಗಳ ನಡುವೆ ಸಿಹಿನೀರಿನ ಜೀವಿಗಳ ಪಳೆಯುಳಿಕೆಗಳು ದೊರೆತಿವೆ.

ಕೊಳವೆಬಾವಿ ಕೊರೆಸಿ ಕೈ ಸುಟ್ಟುಕೊಂಡವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಒಬ್ಬರ ಹೊಲದಲ್ಲಿ ನೀರು, ಬದುವಿನ ಆಚೆ ಬರೀ ಬೂದು ಪುಡಿ ಯಾಕೆ ಎಂಬುದಕ್ಕೆ ಕಾರಣ ಈ ಪದರಗಳಲ್ಲಿದೆ. ಗಟ್ಟಿ ನಡುಭಾಗದಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ನೀರಿರುವುದು ಕರಗಿದ ಮೇಲ್ಪದರದಲ್ಲಿ, ಬಿರುಕಿನಲ್ಲಿ, ಎರಡು ಹರಿವುಗಳು ಕೂಡುವ ತೂತುಗಲ್ಲಿನಲ್ಲಿ. ಆ ಪದರ ಎಲ್ಲ ಕಡೆ ಒಂದೇ ಆಳದಲ್ಲಿಲ್ಲ, ಒಂದೇ ದಪ್ಪವೂ ಇಲ್ಲ.

ಈ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಡೈನೋಸಾರ್‌ಗಳ ಕಾಲ ಮುಗಿಯುತ್ತಿದ್ದ ಹೊತ್ತು. ಅವುಗಳ ಅಳಿವಿಗೆ ಮೆಕ್ಸಿಕೋದ ಕಡೆ ಬಿದ್ದ ಆಕಾಶಕಾಯ ಎಷ್ಟು ಕಾರಣ, ದಖನ್ನಿನ ಈ ಬೆಂಕಿ ಎಷ್ಟು ಕಾರಣ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ನಮ್ಮಲ್ಲಿ ಗೋಪುರದ ಆಕಾರದ ಜ್ವಾಲಾಮುಖಿ ಬೆಟ್ಟವಿಲ್ಲ, ಹುಡುಕಿದರೂ ಸಿಗದು. ಲಾವಾ ಹೊರಟದ್ದು ಪಶ್ಚಿಮ ಮತ್ತು ವಾಯವ್ಯದ ಉದ್ದನೆಯ ನೆಲಬಿರುಕುಗಳಿಂದ. ಅಲ್ಲಿಂದ ತಗ್ಗು ಹಿಡಿದು ಹರಿದು ಬಂತು. ಹೀಗೆ ಬಂದ ಕೆಲವು ಹರಿವುಗಳು ಆಂಧ್ರದ ರಾಜಮಹೇಂದ್ರಿಯವರೆಗೂ ಮುಟ್ಟಿವೆ. ಇವತ್ತಿಗೂ ಈ ಕಲ್ಲು ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ.

ಮಹಾಬಳೇಶ್ವರದ ಕಡೆ ಪದರದ ಮೇಲೆ ಪದರ ಬಿದ್ದು ಸಾವಿರ ಮೀಟರ್ ದಾಟಿದೆ. ಕೊಯ್ನಾದಲ್ಲಿ ಕೊರೆದಾಗ ಒಂಬೈನೂರು ಮೀಟರಿಗೂ ಹೆಚ್ಚು ಲಾವಾ ದಾಟಬೇಕಾಯಿತು. ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ 338 ಮೀಟರ್. ಅದರ ಕೆಳಗೆ ಗ್ರಾನೈಟ್ ಜಾತಿಯ ಹಳೆಯ ಬಂಡೆ. ನಮ್ಮ ಜಿಲ್ಲೆಯಲ್ಲಿ ಇನ್ನೂ ತೆಳು. ಇಂಡಿಯಿಂದ ದಕ್ಷಿಣಕ್ಕೆ ಹೊರಟರೆ ಈ ಹಾಸು ಸವೆಯುತ್ತ ಸವೆಯುತ್ತ ಮುದ್ದೇಬಿಹಾಳ ಸೀಮೆಯಲ್ಲಿ ಮುಗಿದೇ ಹೋಗುತ್ತದೆ. ತಾಳಿಕೋಟಿಯ ಸುತ್ತ ಕರಿಕಲ್ಲಿನ ಅಡಿಯಿಂದ ಸುಣ್ಣದ ಫರಸಿಕಲ್ಲು ಹೊರಬರುತ್ತದೆ. ಅದು ಲಾವಾಕ್ಕಿಂತ ಹಲವು ಪಟ್ಟು ಹಳೆಯ, ಆಳವಿಲ್ಲದ ಕಡಲೊಂದರ ತಳ. ನಿಮ್ಮ ಪಡಸಾಲೆಗೆ ಹಾಸಿದ ಫರಸಿಯ ಮೇಲೆ ಕಾಣುವ ನಯವಾದ ಪದರಗಳು ಆ ಕಡಲ ತಳದಲ್ಲಿ ಕೂತ ಕೆಸರಿನವು. ಇನ್ನೂ ದಕ್ಷಿಣಕ್ಕೆ ಕೃಷ್ಣೆಯ ದಂಡೆಗೆ ಇಳಿದರೆ ಗ್ರಾನೈಟ್ ಮತ್ತು ನೈಸ್ ಬಂಡೆಗಳು ತಲೆ ಎತ್ತುತ್ತವೆ. ಅವುಗಳ ವಯಸ್ಸನ್ನು ನೂರಾರು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಇಂಡಿ, ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳ ಈ ನಾಲ್ಕು ತಾಲ್ಲೂಕುಗಳನ್ನು ಒಂದೇ ದಿನದಲ್ಲಿ ಬಸ್ಸಿನಲ್ಲಿ ದಾಟುವ ವಿದ್ಯಾರ್ಥಿ ಇಷ್ಟು ದೊಡ್ಡ ಕಾಲವನ್ನು ದಾಟುತ್ತಾನೆ. ಇಂಥ ಅವಕಾಶ ರಾಜ್ಯದ ಎಷ್ಟೋ ಊರುಗಳ ಮಕ್ಕಳಿಗೆ ಇಲ್ಲ. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ ಬರೆದ ವಿವರವಾದ ವರದಿ 1876ರಲ್ಲಿಯೇ ಅಚ್ಚಾಗಿದೆ. ನಮ್ಮ ಶಾಲೆಗಳ ಪಾಠದಲ್ಲಿ ಮಾತ್ರ ಅದರ ಸುಳಿವು ಇಲ್ಲ ಎಂಬುದು ನನ್ನ ದೊಡ್ಡ ಸಂಕಟ.

ಇನ್ನು ದ್ವೀಪದ ಮಾತು. ಲಾವಾ ಉಕ್ಕಿದ ಕಾಲಕ್ಕೆ ನಮ್ಮ ನೆಲ ಇಲ್ಲಿರಲಿಲ್ಲ. ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು, ವರ್ಷಕ್ಕೆ ಹದಿನೈದು ಸೆಂಟಿಮೀಟರಿಗೂ ಮೀರಿದ ವೇಗದಲ್ಲಿ ಉತ್ತರಕ್ಕೆ ಜರುಗುತ್ತಿತ್ತು. ಕರಗಿದ ಕಲ್ಲು ಹೆಪ್ಪುಗಟ್ಟುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ದಖನ್ನಿನ ಕರಿಕಲ್ಲನ್ನು ಅಳೆದು ಆಗಿನ ಅಕ್ಷಾಂಶವನ್ನು ಲೆಕ್ಕ ಹಾಕುವುದು 1950ರ ದಶಕದಲ್ಲಿಯೇ ಸಾಧ್ಯವಾಯಿತು. ಭೂಮಿಯ ಆಳದಿಂದ ಮೇಲೇಳುತ್ತಿದ್ದ ಬಿಸಿ ಶಿಲೆಯ ಕಂಬವೊಂದರ ಮೇಲೆ ಆಗ ನಮ್ಮ ಪಶ್ಚಿಮ ಭಾಗ ಬಂದಿತ್ತು. ಬಹುಪಾಲು ಭೂವಿಜ್ಞಾನಿಗಳು ಒಪ್ಪುವ ವಿವರಣೆ ಇದು. ಭಾರತ ಮುಂದಕ್ಕೆ ಹೋಯಿತು, ಬೆಂಕಿ ಹೆಚ್ಚುಕಡಿಮೆ ತನ್ನ ಜಾಗದಲ್ಲೇ ಉಳಿಯಿತು. ಮೇಲೆ ಜರುಗುತ್ತಿದ್ದ ಸಾಗರದ ತಳವನ್ನು ಅದು ಸುಡುತ್ತ ಹೋದ ಗುರುತು ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್‌ಗಳ ಸಾಲು.

ಹೀಗೆಂದು ಹೇಳುವುದು ಸುಲಭ, ಸಾಕ್ಷಿ ಬೇಕಲ್ಲ. 1987ರಲ್ಲಿ ಅಂತಾರಾಷ್ಟ್ರೀಯ ಸಂಶೋಧನಾ ಹಡಗೊಂದು ಈ ಸಾಲಿನುದ್ದಕ್ಕೂ ಸಮುದ್ರತಳವನ್ನು ಕೊರೆದು ಕಲ್ಲು ತೆಗೆಯಿತು. ಮಾಲ್ಡೀವ್ಸ್ ಹತ್ತಿರದ ಕರಿಕಲ್ಲಿಗೆ ಸುಮಾರು 5.7 ಕೋಟಿ ವರ್ಷ. ಚಾಗೋಸ್ ಕಡೆಯದಕ್ಕೆ 4.9 ಕೋಟಿ. ಮಾರಿಷಸ್‌ನ ಉತ್ತರಕ್ಕಿರುವ ಮುಳುಗಿದ ಪ್ರಸ್ಥಭೂಮಿಯದಕ್ಕೆ 3 ಕೋಟಿಯ ಆಸುಪಾಸು. ಮಾರಿಷಸ್‌ನ ಅತಿ ಹಳೆಯ ಲಾವಾಕ್ಕೆ 90 ಲಕ್ಷ ವರ್ಷವೂ ತುಂಬಿಲ್ಲ. ಅದರ ನೆರೆಯ ರಿಯೂನಿಯನ್ ದ್ವೀಪ ಕಡಲಿಂದ ತಲೆ ಎತ್ತಿದ್ದು ಸುಮಾರು 20 ಲಕ್ಷ ವರ್ಷಗಳ ಹಿಂದೆ, ಅಲ್ಲಿನ ಪಿಟಾನ್ ದ ಲಾ ಫೂರ್ನೇಸ್ ಎಂಬ 2,632 ಮೀಟರ್ ಎತ್ತರದ ಪರ್ವತ ಈಗಲೂ ಲಾವಾ ಉಗುಳುತ್ತಿದೆ. ಉತ್ತರದಿಂದ ದಕ್ಷಿಣಕ್ಕೆ ಇಳಿದಂತೆ ಕಲ್ಲಿನ ವಯಸ್ಸು ತಪ್ಪದೆ ಇಳಿದಿದೆ. ಇಂಡಿಯ ಹೊಲದ ಕರಿಕಲ್ಲು ಆ ಸಾಲಿನ ಹಿರಿಯ ತುದಿ, ರಿಯೂನಿಯನ್ ಕಿರಿಯ ತುದಿ. ನಡುವೆ ನಾಲ್ಕು ಸಾವಿರದ ಎಂಟುನೂರು ಕಿಲೋಮೀಟರಿನಷ್ಟು ದೂರ.

ಕರ್ನಾಟಕಕ್ಕೆ ತನ್ನದೇ ಆದ ಬೆಂಕಿಯ ದ್ವೀಪಗಳೂ ಇವೆ. ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪಗಳ ಕಂಬಗಲ್ಲುಗಳು ಜ್ವಾಲಾಮುಖಿಯವೇ. ಆದರೆ ಅವು ನಮ್ಮ ಲಾವಾಕ್ಕಿಂತ ಸುಮಾರು 2 ಕೋಟಿ ವರ್ಷ ಹಿರಿಯವು, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದವು. ಆ ಬೇರ್ಪಡಿಕೆಗೂ ಮಾರಿಷಸ್‌ಗೂ ನಂಟಿದೆ. ಅಲ್ಲಿನ ಕಡಲ ದಂಡೆಯ ಮರಳಿನಲ್ಲಿ 2013ರಲ್ಲಿ, ಮುಂದೆ 2017ರಲ್ಲಿ ಬಂಡೆಯೊಳಗೇ, ಜಿರ್ಕಾನ್ ಎಂಬ ಸಣ್ಣ ಹರಳುಗಳು ದೊರೆತ ವರದಿಗಳು ಬಂದವು. ಕೆಲವಕ್ಕೆ 300 ಕೋಟಿ ವರ್ಷದ ಹತ್ತಿರದ ವಯಸ್ಸು. 90 ಲಕ್ಷ ವರ್ಷದ ದ್ವೀಪದಲ್ಲಿ ಅಷ್ಟು ಹಳೆಯ ಹರಳು ಬರಬೇಕಾದರೆ ಅಡಿಯಲ್ಲಿ, ಆ ಬೇರ್ಪಡಿಕೆಯಲ್ಲಿ ಕಳಚಿ ಉಳಿದ ಹಳೆಯ ಭೂಖಂಡದ ತುಂಡೊಂದು ಹೂತಿರಬೇಕು. ಮುದ್ದೇಬಿಹಾಳದ ಕಡೆ ಲಾವಾ ಸವೆದು ಹಳೆಯ ಬಂಡೆ ಬಯಲಾಗಿದೆ. ಮಾರಿಷಸ್‌ನಲ್ಲಿ ಲಾವಾ ಅದನ್ನು ಮುಚ್ಚಿಯೇ ಇದೆ.

ಮಾರಿಷಸ್ ಚಿಕ್ಕದು. ಮುಖ್ಯ ದ್ವೀಪದ ವಿಸ್ತೀರ್ಣ ಸುಮಾರು 1,865 ಚದರ ಕಿಲೋಮೀಟರ್, ಅಂದರೆ ನಮ್ಮ ದೊಡ್ಡದೊಂದು ತಾಲ್ಲೂಕಿನಷ್ಟು. ದಂಡೆಯಿಂದ ಒಳಕ್ಕೆ ಬಯಲು, ಬಯಲಿನಿಂದ ಮೇಲೆ ನಡುವಿನ ಪ್ರಸ್ಥಭೂಮಿ, ಅದರ ಸುತ್ತ ಮುರಿದ ಉಂಗುರದ ಹಾಗೆ ನಿಂತ ಚೂಪು ಬೆಟ್ಟಗಳು. ಆ ಬೆಟ್ಟಗಳು ಮೊದಲ ದೊಡ್ಡ ಜ್ವಾಲಾಮುಖಿಯ ಉಳಿದ ಅಂಚು ಎನ್ನುತ್ತಾರೆ. ಅತಿ ಎತ್ತರದ ಶಿಖರ 828 ಮೀಟರ್. ಕ್ಯೂರ್‌ಪಿಪ್ ಊರಿನ ನಡುವೆಯೇ ಟ್ರೂ ಓ ಸರ್ಫ್ ಎಂಬ ಜ್ವಾಲಾಮುಖಿಯ ಬಾಯಿ ಇದೆ, ಈಗ ಒಳಗೆಲ್ಲ ಮರ. ಗ್ರಾಂಡ್ ಬಾಸಿನ್ ಎಂಬ ಇನ್ನೊಂದು ಬಾಯಿಯಲ್ಲಿ ನೀರು ನಿಂತು ಕೆರೆಯಾಗಿದೆ. ಅಲ್ಲಿನ ಹಿಂದೂಗಳು ಅದನ್ನು ಗಂಗಾ ತಲಾವ್ ಎಂದು ಕರೆದು ಶಿವರಾತ್ರಿಗೆ ಕಾವಡಿ ಹೊತ್ತು ಕಾಲ್ನಡಿಗೆಯಲ್ಲಿ ಬರುತ್ತಾರೆ. ದ್ವೀಪದ ಸುತ್ತ ಬಹುಪಾಲು ಹವಳದ ದಂಡೆ. ಹೊರಗಿನ ಅಲೆ ಅದಕ್ಕೆ ಬಡಿದು ಒಡೆಯುವುದರಿಂದ ಒಳಗಿನ ನೀರು ಶಾಂತ. ಪ್ರವಾಸಿಗಳು ಮೆಚ್ಚುವ ಬಿಳಿ ಮರಳು ಆ ಹವಳದ ಪುಡಿ, ಕರಿಕಲ್ಲಿನದಲ್ಲ.

ಈ ದ್ವೀಪದ ನೆಲವನ್ನು ಸಾಗುವಳಿಗೆ ತಂದವರ ಬೆವರನ್ನು ಮರೆಯಬಾರದು. 1834ರಿಂದ ಮುಂದೆ ಭಾರತದ ಬೇರೆ ಬೇರೆ ಬಂದರುಗಳಿಂದ ನಾಲ್ಕೂವರೆ ಲಕ್ಷದಷ್ಟು ಕೂಲಿಕಾರರು ಕರಾರಿನ ಮೇಲೆ ಅಲ್ಲಿಗೆ ಹೋದರು. ಅವರು ಇಳಿದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಬ್ಬು ಹಚ್ಚಬೇಕಾದರೆ ಹೊಲದ ತುಂಬ ಹರಡಿದ ಲಾವಾ ಗುಂಡುಗಳನ್ನು ಕೈಯಲ್ಲಿ ಆರಿಸಿ ಒಟ್ಟಬೇಕಿತ್ತು. ಆ ಕಲ್ಲಿನ ಒಟ್ಟಿಲುಗಳು ಕಬ್ಬಿನ ಗದ್ದೆಗಳ ನಡುವೆ ಈಗಲೂ ನಿಂತಿವೆ, ಕೆಲವು ಮನೆಯ ಎತ್ತರ. ನಮ್ಮ ಮಡ್ಡಿ ಹೊಲಗಳ ಬದುವಿಗೆ ಹಾಕಿದ ಕರಿಗುಂಡುಗಳನ್ನು ಆರಿಸಿದ ಕೈಗಳಿಗೆ ಆ ನೋವು ಗೊತ್ತು. ದ್ವೀಪ ತೆತ್ತ ಬೆಲೆಯೂ ದೊಡ್ಡದು: ಎಬೊನಿ ಮರಗಳ ಮೂಲ ಕಾಡಿನಲ್ಲಿ ಈಗ ಒಳ್ಳೆಯ ಸ್ಥಿತಿಯಲ್ಲಿ ಉಳಿದದ್ದು ನೂರಕ್ಕೆ ಎರಡು ಪಾಲೂ ಇಲ್ಲ.

ಈಗ ಮಣ್ಣಿಗೆ ಬರುತ್ತೇನೆ. ನನ್ನ ಉಪನ್ಯಾಸದ ಜೀವ ಇದು. ಆಗ್ನೇಯದಿಂದ ಬೀಸುವ ಗಾಳಿ ಮಾರಿಷಸ್‌ನ ಬೆಟ್ಟಕ್ಕೆ ತಾಗಿ ನಡುವಿನ ಪ್ರಸ್ಥಭೂಮಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ವರೆಗೂ ಮಳೆ ಸುರಿಸುತ್ತದೆ. ಅಷ್ಟು ನೀರು ಕರಿಕಲ್ಲಿನೊಳಗಿನ ಸುಣ್ಣ, ಸೋಡಿಯಂ, ಮೆಗ್ನೀಸಿಯಂ, ಸಿಲಿಕಾ ಎಲ್ಲವನ್ನೂ ತೊಳೆದು ಕಡಲಿಗೆ ಒಯ್ಯುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂಗಳ ತುಕ್ಕು. ಅದಕ್ಕೇ ಅಲ್ಲಿ ಕೆಂಪು, ಕಂದು ಮಣ್ಣು. ಶಮರೆಲ್ ಎಂಬಲ್ಲಿನ ಏಳು ಬಣ್ಣದ ದಿಬ್ಬಗಳು ಇದೇ ಕೆಲಸದ ಕೊನೆಯ ಹಂತ. ನೋಡಲು ಚೆಂದ, ಅದರಲ್ಲಿ ಹುಲ್ಲೂ ಸರಿಯಾಗಿ ಏಳುವುದಿಲ್ಲ.

ನಮ್ಮ ಕಡೆ ಮಳೆಯ ಮೋಡವನ್ನು ತಡೆದು ನಿಲ್ಲಿಸುವುದು ಸಹ್ಯಾದ್ರಿ. ಮಹಾಬಳೇಶ್ವರದ ಆ ಎತ್ತರವೂ ನಮ್ಮ ಲಾವಾದ್ದೇ. ಮೋಡ ಅಲ್ಲೇ ಬರಿದಾಗಿ ನಮಗೆ ವರ್ಷಕ್ಕೆ 600 ಮಿಲಿಮೀಟರೂ ತುಂಬುವುದಿಲ್ಲ. ಅಷ್ಟು ಮಳೆಗೆ ಕರಿಕಲ್ಲು ಕರಗುತ್ತದೆ, ಆದರೆ ಕರಗಿದ್ದು ತೊಳೆದು ಹೋಗುವುದಿಲ್ಲ. ಸುಣ್ಣ ಹರಳುಗಟ್ಟಿ ಬುಡದಲ್ಲಿ ಕೂರುತ್ತದೆ. ಸಿಲಿಕಾ ಮತ್ತು ಮೆಗ್ನೀಸಿಯಂ ಸೇರಿ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜೇಡಿಯಾಗುತ್ತವೆ. ಅದೇ ಎರೆ. ಇದು ಬರೀ ಊಹೆಯಲ್ಲ ಎನ್ನಲು ಮಾರಿಷಸ್ಸೇ ಸಾಕ್ಷಿ. ಆ ದ್ವೀಪದ ಪಶ್ಚಿಮ ಕರಾವಳಿ ಬೆಟ್ಟದ ಮರೆಯಲ್ಲಿದೆ, ಮಳೆ ಕಡಿಮೆ. ಅಲ್ಲಿನ ಒಣ ತಗ್ಗುಗಳಲ್ಲಿ ಕೆಂಪು ಮಣ್ಣಿನ ಬದಲು ನಮ್ಮ ಎರೆಯ ಜಾತಿಯ ಕಪ್ಪು ಜೇಡಿ ಇದೆ. ಅದೇ ಕಲ್ಲು, ಅದೇ ಬೆಂಕಿ. ಮಳೆ ಕಡಿಮೆಯಾದಲ್ಲಿ ಅದೇ ಕಪ್ಪು.

ಎರೆಯ ಗುಣವನ್ನು ನಿಮ್ಮ ಮುಂದೆ ವರ್ಣಿಸುವುದು ನನ್ನಿಂದ ಆಗದ ಕೆಲಸ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟಾಗ ಮೊಳಕೈವರೆಗೆ ಕೈ ಇಳಿಯುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕಿನಲ್ಲಿ ಉದುರುತ್ತದೆ. ಮಳೆ ಬಿದ್ದು ನೆಲ ಉಬ್ಬಿದಾಗ ಕೆಳಗಿನದು ಮೇಲೆ ಬರುತ್ತದೆ. ಹೀಗೆ ಎರೆ ತನ್ನನ್ನು ತಾನೇ ಹರಗಿಕೊಳ್ಳುತ್ತದೆ. ಹಿಂಗಾರಿ ಮಳೆ ಮುಗಿದ ಮೇಲೆ ಬಿತ್ತಿದ ಮಾಲ್ದಂಡಿ ಜೋಳ ಒಂದು ಹನಿ ಮಳೆ ಕಾಣದೆ, ಬರೀ ಒಳಗಿನ ತೇವ ಮತ್ತು ಚಳಿಯ ಇಬ್ಬನಿಯಲ್ಲಿ ತೆನೆ ಕಟ್ಟುತ್ತದೆ. ನಮ್ಮ ಹಿರಿಯರು ಕಳೆ ಇಲ್ಲದಿದ್ದರೂ ಎಡೆ ಹೊಡೆಯುತ್ತಿದ್ದರು. ಎಡೆಕುಂಟೆ ಬಿರುಕಿನ ಬಾಯಿ ಮುಚ್ಚುತ್ತದೆ, ತೇವ ಹಾರಿಹೋಗುವುದು ನಿಲ್ಲುತ್ತದೆ, ಬೇರು ಹರಿಯುವುದು ತಪ್ಪುತ್ತದೆ. ಒಣ ಬೇಸಾಯದ ಸಂಶೋಧನೆಗೆ 1930ರ ದಶಕದಲ್ಲಿ ವಿಜಯಪುರವನ್ನೂ ಸೊಲ್ಲಾಪುರವನ್ನೂ ಆರಿಸಿದ್ದು ಈ ನೆಲದ ಮಹತ್ವ ಅರಿತೇ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಬಂದದ್ದೂ ಹೀಗೆ. ಇಂಡಿಯ ನಿಂಬೆ ಮಾತ್ರ ಬೇರೆ ದಾರಿ ಹಿಡಿದಿದೆ: ನೀರು ನಿಲ್ಲದ ಗರಸು ನೆಲ ಅದಕ್ಕೆ ಒಗ್ಗುತ್ತದೆ. ಒಂದೇ ಕರಿಕಲ್ಲು ತಗ್ಗಿನಲ್ಲಿ ಜೋಳವನ್ನೂ ಮಡ್ಡಿಯಲ್ಲಿ ನಿಂಬೆಯನ್ನೂ ಕೊಟ್ಟಿದೆ.

ಬಸವನಬಾಗೇವಾಡಿ ತಾಲ್ಲೂಕಿನಿಂದ ಬಂದವರು ಒಂದು ಪ್ರಶ್ನೆಯನ್ನು ಚೀಟಿಯಲ್ಲಿ ಕಳಿಸಿದ್ದಾರೆ. 2021ರಿಂದೀಚೆಗೆ ಮಸೂತಿ, ಮನಗೂಳಿ ಕಡೆ ನೆಲ ನಡುಗಿ ಗುಡುಗಿನಂಥ ಸದ್ದು ಬಂದದ್ದು ಜ್ವಾಲಾಮುಖಿ ಏಳುವ ಸೂಚನೆಯೇ ಎಂದು. ಅಲ್ಲ. ನಮ್ಮ ಕೆಳಗೆ ಈಗ ಆ ಬೆಂಕಿಯಿಲ್ಲ; ಅದು ರಿಯೂನಿಯನ್ ಹತ್ತಿರ ಇದೆ. ನಡುಗುವುದು ಲಾವಾದ ಕೆಳಗಿನ ಹಳೆಯ ಬಂಡೆಯ ಬಿರುಕುಗಳು ಒತ್ತಡಕ್ಕೆ ಜರುಗುವುದರಿಂದ. ಮಳೆಗಾಲದ ನೀರು ಆಳಕ್ಕೆ ಇಳಿದಾಗ ಇಂಥ ಸಣ್ಣ ನಡುಕಗಳು ಹೆಚ್ಚುವುದುಂಟು. ಹಾಗೆಂದು ಅಲಕ್ಷ್ಯ ಬೇಡ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿಯ ಸುತ್ತ ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳ ಕೆಳಗೆ. ಕರಿಗುಂಡಿನ ಗೋಡೆ ಕಟ್ಟುವವರು ಉರುಟು ಕಲ್ಲನ್ನು ಕೆಸರಲ್ಲಿ ಕೂಡಿಸಬಾರದು, ಗೋಡೆಯ ಎರಡು ಮುಖಗಳನ್ನು ಹಿಡಿದಿಡುವ ಉದ್ದ ಕಲ್ಲುಗಳನ್ನು ಬಿಡಬಾರದು. ಇದೇ ಕರಿಕಲ್ಲನ್ನು ಒಪ್ಪವಾಗಿ ಕಡಿದು ಗಟ್ಟಿ ಗಾರೆಯಲ್ಲಿ ಕಟ್ಟಿದ ಗೋಳಗುಮ್ಮಟ 1656ರಿಂದ ನಿಂತಿದೆ.

ಕೊನೆಯದಾಗಿ ಕಾಲುವೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಇಂಡಿ ಶಾಖಾ ಕಾಲುವೆ, ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು, ಕೆರೆ ತುಂಬುವ ಕೆಲಸ, ಇವೆಲ್ಲ ಬರ ಕಂಡು ಕಂಡು ಗುಳೆ ಹೋದ ಈ ಜನಕ್ಕೆ ಬಂದ ಭಾಗ್ಯ. ಇದನ್ನು ನಾನು ತುಂಬು ಮನಸ್ಸಿನಿಂದ ಹೇಳುತ್ತೇನೆ. ಆದರೆ ಎರೆಯ ಬುಡದಲ್ಲಿ ತೊಳೆದುಹೋಗದ ಲವಣ ಕೂತಿದೆ ಎಂಬುದನ್ನು ಈಗತಾನೆ ಕಂಡೆವು. ಡೋಣಿಯ ನೀರು ಸವಳಾಗಿರುವುದೂ ಅದೇ ಲವಣದಿಂದ. ಉಬ್ಬಿದ ಎರೆಯಲ್ಲಿ ನೀರು ಕೆಳಕ್ಕೆ ಬಸಿಯುವುದು ಬಹಳ ನಿಧಾನ. ಅಂಥ ಹೊಲಕ್ಕೆ ವರ್ಷವಿಡೀ ಕಬ್ಬಿಗೆಂದು ನೀರು ನಿಲ್ಲಿಸಿದರೆ ಒಳಗಿನ ನೀರಿನ ಮಟ್ಟ ಏರುತ್ತದೆ, ಲವಣವನ್ನು ಹೊತ್ತು ಮೇಲೆ ಬರುತ್ತದೆ. ಬಿಸಿಲಿಗೆ ನೀರು ಆರಿ ಲವಣ ಉಳಿಯುತ್ತದೆ. ಆ ಬಿಳಿ ಪೊರೆಯನ್ನು ಕೃಷ್ಣೆಯ ಕಾಲುವೆ ಸೀಮೆಗಳಲ್ಲಿ ಎಲ್ಲರೂ ನೋಡಿದ್ದಾರೆ. ಒಮ್ಮೆ ಸವಳು-ಜವಳಾದ ಎರೆಯನ್ನು ಸರಿಪಡಿಸಲು ಜಿಪ್ಸಂ, ಬಸಿಗಾಲುವೆ, ವರ್ಷಗಳ ತಾಳ್ಮೆ ಮತ್ತು ದುಡ್ಡು ಬೇಕು.

ಮಾರಿಷಸ್ ಕಬ್ಬು ಬೆಳೆಯುತ್ತದೆ, ನಾವು ಯಾಕೆ ಬೆಳೆಯಬಾರದು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಅಲ್ಲಿನ ಕೆಂಪು ಮಣ್ಣು ನೀರನ್ನು ಕೆಳಕ್ಕೆ ಬಿಡುತ್ತದೆ, ನಮ್ಮದು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ನಾಲ್ಕೂ ತಾಲ್ಲೂಕುಗಳ ರೈತ ಸಂಘಗಳವರಲ್ಲಿ ನನ್ನ ಬೇಡಿಕೆ ಇಷ್ಟು. ಹೊಲಗಾಲುವೆ ಕೇಳುವ ಅರ್ಜಿಯಲ್ಲೇ ಬಸಿಗಾಲುವೆಯನ್ನೂ ಕೇಳಿರಿ. ನೀರು ಬರುವ ಮೊದಲು ಎರೆಯ ಮೇಲಿನ ಮಣ್ಣಷ್ಟೇ ಅಲ್ಲ, ಮೂರು ನಾಲ್ಕು ಅಡಿ ಕೆಳಗಿನ ಮಣ್ಣನ್ನೂ ಪರೀಕ್ಷೆಗೆ ಕಳಿಸಿರಿ. ಆಳವಾದ ಎರೆಯಲ್ಲಿ ಜೋಳ, ಕಡಲೆ, ಕುಸುಬೆಗಳಿಗೆ ಒಂದೆರಡು ತೇವಕ್ಕೆ ಸಾಕಾಗುವಷ್ಟೇ ನೀರು ಕೊಡಿರಿ, ಹೆಚ್ಚು ನೀರು ಬೇಡುವ ಬೆಳೆಯನ್ನು ಗರಸಿನ ಇಳಿಜಾರಿಗೆ, ಹನಿ ನೀರಾವರಿಗೆ ಒಯ್ಯಿರಿ. ಊರ ಸೇದುವ ಬಾವಿಯಲ್ಲಿ ಪ್ರತಿ ಬೇಸಿಗೆಯ ನೀರಿನ ಮಟ್ಟವನ್ನು ಹಗ್ಗ ಇಳಿಬಿಟ್ಟು ಅಳೆದು ಗೋಡೆಯ ಮೇಲೆ ಇಸವಿಯೊಂದಿಗೆ ಬರೆಯುವ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೆ ಒಪ್ಪಿಸಿರಿ. ಆ ಗೆರೆ ವರ್ಷದಿಂದ ವರ್ಷಕ್ಕೆ ಮೇಲೇರುತ್ತ ಬಂದರೆ ಬಸಿಗಾಲುವೆ ತೋಡುವುದನ್ನು ಮುಂದೂಡಬೇಡಿ.